ಈರಗಲ್ಲು ಇದ್ದ ಜಾಗ

ಮಾರ್ನಮಿ ಅಮಾಸೆಗೆ ಹಿರಿಯರಿಗೆ ಎಡೆ ಇಡುವಾಗ ನಮ್ಮ ಮನೇಲಿ ಒಂದು ಎಲೆ ಜಾಸ್ತಿ ಹಾಕ್ತಾರೆ. ತಾತ, ಮುತ್ತಾತ, ಹೋದ ದೊಡ್ಡಪ್ಪ, ಹೆರಿಗೆಲಿ ತೀರಿಕೊಂಡ ಸಣ್ಣತ್ತೆ, ಇವರಿಗೆಲ್ಲ ಆದ ಮೇಲೆ ಕೊನೇ ಎಲೆ ಹೊಲದ ಈರಗಾರಪ್ಪಂಗೆ. ಯಾರು ಆತ ಅಂತ ಅಜ್ಜೀನ ಕೇಳಿದ್ರೆ, "ನಮಗಿಂತ ಮುಂಚೆ ಆ ಹೊಲದಾಗೆ ಇದ್ದೋನು ಕಣ್ಮಗ" ಅನ್ನೋಳು. ಅಷ್ಟೇ. ಅದಕ್ಕಿಂತ ಮುಂದಿನ ಕತೆ ಅವಳ ಹತ್ರಾನೂ ಇರಲಿಲ್ಲ.

ಈರಗಾರಪ್ಪ ಅಂದ್ರೆ ಒಂದು ಕಲ್ಲು. ಸೊಂಟದ ಮಟ್ಟ, ಮೂರು ಪಟ್ಟಿ. ಕೆಳಗಿನ ಪಟ್ಟೀಲಿ ಒಬ್ಬ ಕತ್ತಿ ಎತ್ತಿ ನಿಂತವನೆ, ಹಿಂದೆ ಎರಡು ದನ. ನಡುವಿನ ಪಟ್ಟೀಲಿ ಇಬ್ಬರು ಹೆಂಗಸರು ಅವನ ತೋಳು ಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಾವ್ರೆ. ಮೇಲಿನದರಲ್ಲಿ ಲಿಂಗದ ಮುಂದೆ ಕೈಮುಗಿದು ಕುಂತವನೆ, ತಲೆ ಮೇಲೆ ಸೂರ್ಯ ಚಂದ್ರ. ಅಕ್ಷರ ಒಂದೂ ಇಲ್ಲ. ಕಡ್ಲೆಕಾಯಿ ಕೀಳೋ ದಿನ ಅದರ ನೆರಳಾಗೆ ನೀರಿನ ಬಿಂದಿಗೆ ಇಡ್ತಿದ್ವಿ.

ಓದೋಕೆ ತುಮಕೂರಿಗೆ ಹೋದ ಮೇಲೆ ಇದಕ್ಕೆ ವೀರಗಲ್ಲು ಅಂತಾರೆ ಅಂತ ಗೊತ್ತಾತು. ಲೈಬ್ರರೀಲಿ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ, ನಮ್ಮ ಜಿಲ್ಲೆಯ ಹನ್ನೆರಡನೇ ಸಂಪುಟ, 1904ರದು, ಆಸೆಯಿಂದ ತಿರುವಿ ಹಾಕಿದೆ. ನಮ್ಮ ಕಲ್ಲು ಅದರಾಗೆ ಇಲ್ಲ. ಇರೋಕೂ ಸಾಧ್ಯ ಇಲ್ಲ, ಅದು ಶಾಸನಗಳ ಪುಸ್ತಕ. ಅಕ್ಷರ ಇಲ್ಲದ ಸತ್ತವನಿಗೆ ಅಲ್ಲಿ ನಂಬರಿಲ್ಲ. ಅಂಥ ಕಲ್ಲಿನ ಚಿತ್ರವನ್ನೂ ಓದೋದು ಎಂಗೆ ಅಂತ ತಿಳಿದಿದ್ದು ಆರ್. ಶೇಷಶಾಸ್ತ್ರಿಯವರಿಂದ, ಮತ್ತೆ ಷ. ಶೆಟ್ಟರ್ ಮತ್ತು ಸೊಂಥೈಮರ್ 1982ರಲ್ಲಿ ಸೇರಿಸಿ ತಂದ ಸ್ಮಾರಕಶಿಲೆಗಳ ದೊಡ್ಡ ಗ್ರಂಥದಿಂದ. ಹಿಂದೆ ದನ ಇದ್ರೆ ತುರುಗೊಳ್, ಅಂದ್ರೆ ದನ ಹೊಡ್ಕೊಂಡು ಹೋಗೋರ ಜೊತೆ ಬಡಿದಾಡಿ ಸತ್ತೋನು. ಸೂರ್ಯ ಚಂದ್ರ ಅಂದ್ರೆ ಅವು ಇರೋವರೆಗೂ ನೆನಪಿರಲಿ ಅಂತ.

ಮಳೆ ಕಮ್ಮಿ ಇರೋ ನಮ್ಮ ಸೀಮೇಲಿ ದನಾನೇ ಬದುಕು. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಪಕ್ಕದ ಮಡಕಶಿರಾ ತಾಲ್ಲೂಕಿನಾಗೆ ಐತೆ. ಆಮ್ಯಾಲೆ ನಿಡುಗಲ್ಲಿನ ಚೋಳರು ಬಂದರು. ಗಡಿ ಯಾವತ್ತೂ ನಮ್ಮ ಬಾಗಿಲಲ್ಲೇ. ಊರಿನ ಹೆಸರಿನ ಬಾಲದಾಗೇ ತೆಲುಗಿನ ಕೆರೆ ಕುಂತೈತೆ.

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಹಿಂಗೆ ಸತ್ತವನ ಮನೆಯೋರಿಗೆ ಹೊಲ ಬಿಟ್ಟುಕೊಡ್ತಿದ್ರು. ಅದಕ್ಕೆ ಕಲ್ನಾಡು, ನೆತ್ತರುಗೊಡಗೆ ಅಂತ ಹೆಸರು. ಮದ್ದೂರು ಕಡೆಯ ಆತಕೂರಿನಲ್ಲಿ ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟವ್ರೆ, ಕ್ರಿ.ಶ. 949–50ರಲ್ಲಿ. ಅಂದ್ರೆ ಕಲ್ಲು ಬರೀ ದುಃಖ ಅಲ್ಲ, ಊರು ಸತ್ತವನಿಗೆ ಒಪ್ಪಿಕೊಂಡ ಸಾಲದ ಪತ್ರ. ಜನರನ್ನ ಇನ್ನೊಂದು ಕಾಳಗಕ್ಕೆ ಎಬ್ಬಿಸೋಕೂ ಕಲ್ಲು ಬೇಕಿತ್ತು ಅನ್ನೋ ಮಾತನ್ನ ನಾನು ತಳ್ಳಿಹಾಕಲ್ಲ. (ಪಕ್ಕದಾಗೆ ಮಾಸ್ತಿಕಲ್ಲು, ಬಳೆ ತೊಟ್ಟ ಆ ಎತ್ತಿದ ಕೈ ಇದ್ದಿದ್ರೆ ನಾನು ಎಲೆ ಹಾಕ್ತಿದ್ನೋ ಇಲ್ವೋ ಗೊತ್ತಿಲ್ಲ.)

ಈಗ ನಮ್ಮದೇ ತಪ್ಪಿಗೆ ಬರ್ತೀನಿ. ತಿರುಮಣಿ, ವಳ್ಳೂರು, ನಮ್ಮೂರು ಸೇರಿ ಐದು ಊರಿನ ಸುಮಾರು 13,000 ಎಕರೆ ಸೋಲಾರಿಗೆ ಹೋತು. ಮಾರಿದ್ದಲ್ಲ, ಗುತ್ತಿಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು. 2018ರ ಮಾರ್ಚಲ್ಲಿ ಉದ್ಘಾಟನೆ ಆತು, ಒಟ್ಟು 2,050 ಮೆಗಾವ್ಯಾಟಿನ ಪಾರ್ಕು. ನಾವೂ ಕೊಟ್ವಿ, ಒಪ್ಪಿಯೇ ಕೊಟ್ವಿ. ಮಳೆ ನಂಬಿ ಕಡ್ಲೆಕಾಯಿ ಹಾಕಿ ಎಷ್ಟು ವರ್ಷ ಬರೀ ಹೊಟ್ಟು ನೋಡೋದು? ಬೇಲಿ ಹಾಕೋಕೆ ಮುಂಚೆ ಅಪ್ಪ, ಚಿಕ್ಕಪ್ಪ ಸೇರಿ ಈರಗಾರಪ್ಪನ್ನ ಟ್ರ್ಯಾಕ್ಟರಿಗೆ ಹಾಕ್ಕೊಂಡು ಬಂದು ಹಿತ್ತಲ ಬೇವಿನ ಮರದಡಿ ನಿಲ್ಲಿಸಿದ್ರು. ದೇವರನ್ನ ಉಳಿಸಿಕೊಂಡ್ವಿ ಅಂತ ಎಲ್ಲರಿಗೂ ಸಮಾಧಾನ, ನನಗೂ ಸೈತ.

ಎರಡು ವರ್ಷ ಆದ ಮೇಲೆ ಕಲ್ಲು ಹುಡುಕ್ಕೊಂಡು ಒಬ್ಬ ಮೇಷ್ಟ್ರು ಬಂದ್ರು. ಕಲ್ಲನ್ನ ನೋಡೋಕೆ ಮುಂಚೆ ಕೇಳಿದ್ದೇ, "ಎಲ್ಲಿತ್ತು? ಮುಖ ಯಾವ ಕಡೆಗಿತ್ತು?" ಅಪ್ಪ ಬಾವಿ ತಾವ ಅಂದ್ರು, ಚಿಕ್ಕಪ್ಪ ಗಾಡಿದಾರಿ ಆಚೆ ಅಂದ್ರು. ನನಗೆ ನೆನಪಿದ್ದಿದ್ದು ನೆರಳು ಮಾತ್ರ. ಅಕ್ಷರ ಇಲ್ಲದ ಕಲ್ಲಿಗೆ ಅದು ನಿಂತ ಜಾಗಾನೇ ಅರ್ಧ ಮಾತು. ಹಳೇ ಊರಿನ ಬಾಗಿಲು ಎಲ್ಲಿತ್ತು, ದನದ ದಾರಿ ಯಾವುದು, ಸುತ್ತಮುತ್ತ ಮಡಕೆ ಚೂರು ಐತಾ, ಇದನ್ನೆಲ್ಲ ಅಲ್ಲಿ ನಿಂತೇ ಕೇಳಬೇಕು. ಒಂದು ಫೋಟೋ ಕೂಡ ತೆಗೆದಿರಲಿಲ್ಲ ನಾವು.

ಒಳಗೆ ಅಕ್ಕಿ ಆರಿಸ್ತಿದ್ದ ಅಜ್ಜಿ ಅಲ್ಲಿಂದಲೇ ಅಂದ್ಲು, "ಮುಖ ಮೂಡ್ಲಾಗಿತ್ತು. ಬನ್ನಿಮರದಿಂದ ಇಪ್ಪತ್ತು ಮಾರು. ನನ್ನ ಯಾರು ಕೇಳಿದ್ರಿ?"

ಬನ್ನಿಮರಾನೂ ಈಗಿಲ್ಲ. ಅಂವತ್ತು ರಾತ್ರಿ ಅವಳ ಪಕ್ಕ ಕುಂತು ಹೊಲದ ನಕ್ಷೆ ಬರೆದೆ. ಬಾವಿ, ಬದು, ಗಾಡಿದಾರಿ, ಹುಣಸೆಮರ, ತಾತನ್ನ ಮಣ್ಣು ಮಾಡಿದ ಮೂಲೆ, ಎಲ್ಲಾನೂ ಮಾರು ಲೆಕ್ಕದಾಗೆ ಹೇಳಿದ್ಲು. ಮುಂದಿನ ಮಾರ್ನಮಿಗೆ ಅವಳಿಗೂ ಒಂದು ಎಲೆ ಹಾಕಿದ್ವಿ, ಎಲೆಅಡಿಕೆ, ಹೊಗೆಸೊಪ್ಪು ಇಟ್ಟು.

ನಕ್ಷೆಯ ನಕಲು ಮೇಷ್ಟ್ರಿಗೆ ಕಳಿಸಿದೀನಿ. ಚಿಕ್ಕಪ್ಪ ಮಾತ್ರ ಇವತ್ತಿಗೂ ಒಪ್ಪಲ್ಲ. ಎಡೆ ಇಟ್ಟ ದಿನ ಪೆನ್ಸಿಲ್ ತಗೊಂಡು ಗಾಡಿದಾರಿ ಆಚೆಗೆ ತನ್ನದೊಂದು ಗುರುತು ಹಾಕವ್ರೆ. ಅಳಿಸಿಲ್ಲ, ಹಂಗೇ ಬಿಟ್ಟಿದೀನಿ.