ಭೂವ್ಯವಸ್ಥೆಗಳು ಮತ್ತು ಬೆಂಗಳೂರಿನ ಹೊರವಲಯ

ಭೂಮಿಯ ಮೇಲೆ ಜೀವ ಉಳಿದಿರುವುದು ನಾಲ್ಕು ವ್ಯವಸ್ಥೆಗಳ ನಡುವಿನ ಕೊಡುಕೊಳ್ಳುವಿಕೆಯಿಂದ: ಕಲ್ಲುಮಣ್ಣಿನ ಶಿಲಾಗೋಳ, ನೀರಿನ ಜಲಗೋಳ, ಗಾಳಿಯ ವಾಯುಗೋಳ, ಗಿಡಮರ, ಪ್ರಾಣಿ, ಸೂಕ್ಷ್ಮಜೀವಿಗಳ ಜೀವಗೋಳ. ಹಿಮಗೋಳವನ್ನು ಐದನೆಯದಾಗಿ ಎಣಿಸುವವರೂ ಇದ್ದಾರೆ. ಪಠ್ಯಪುಸ್ತಕದಲ್ಲಿ ಇವಕ್ಕೆ ಒಂದೊಂದು ಅಧ್ಯಾಯ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳನ್ನು ಒಳಗೊಂಡ ಬೆಂಗಳೂರಿನ ಹೊರವಲಯದಲ್ಲಿ ಮಾತ್ರ ಇವನ್ನು ಹಾಗೆ ಬಿಡಿಸಿ ನೋಡಲಾಗದು. ಅರ್ಧ ಶತಮಾನದಲ್ಲಿ ಕೈಗಾರಿಕೆ ಮತ್ತು ವಸತಿ ಇಲ್ಲಿ ಇವುಗಳ ಬೆಸುಗೆಯನ್ನೇ ಬದಲಿಸಿರುವುದರಿಂದ, ಒಂದರಲ್ಲಾದ ಕೆಡುಕು ಯಾವ ದಾರಿಯಲ್ಲಿ ಇನ್ನೊಂದಕ್ಕೆ ದಾಟುತ್ತದೆ ಎಂಬುದು ಬರಿಗಣ್ಣಿಗೇ ಕಾಣುತ್ತದೆ.

ಕಲ್ಲು, ಮಣ್ಣು, ಗಾಳಿ

ಈ ಪ್ರದೇಶದ ಬುಡದಲ್ಲಿರುವುದು ಪೆನಿನ್ಸುಲಾರ್ ನೈಸ್ ಎಂಬ ಶಿಲೆ. ಲಾಲ್‌ಬಾಗಿನ ಬಂಡೆಗುಡ್ಡ ಇದರದೇ ತುಣುಕು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವಯಸ್ಸು ಸುಮಾರು 300 ಕೋಟಿ ವರ್ಷ. ಈ ಕಲ್ಲು ಹುಟ್ಟಿದ ಕಾಲದಲ್ಲಿ ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ. ಸಾಗರದ ನೀಲಿಹಸಿರು ಸೂಕ್ಷ್ಮಜೀವಿಗಳು ದ್ಯುತಿಸಂಶ್ಲೇಷಣೆಯಿಂದ ಬಿಟ್ಟ ಆಮ್ಲಜನಕ ವಾಯುಗೋಳದಲ್ಲಿ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಬೆಂಗಳೂರಿನ ಕೆಮ್ಮಣ್ಣಿನ ಕೆಂಪು, ಕಲ್ಲಿನೊಳಗಿನ ಕಬ್ಬಿಣ ಆ ಆಮ್ಲಜನಕದೊಂದಿಗೆ ಕೂಡಿ ಆದ ಬಣ್ಣ. ರಾಗಿ ಹೊಲದ ಮಣ್ಣಿನಲ್ಲಿ ಜೀವಗೋಳದ ಆ ಹಳೆಯ ಕೆಲಸ ಇಂದಿಗೂ ಕಾಣುತ್ತದೆ.

ಮಳೆನೀರು ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಬೇರುಗಳ ಉಸಿರು ಆ ಹುಳಿಯನ್ನು ಹೆಚ್ಚಿಸುತ್ತದೆ. ಕಲ್ಲಿನ ಫೆಲ್ಡ್‌ಸ್ಪಾರ್ ನಿಧಾನವಾಗಿ ಕರಗಿ ಜೇಡಿಯಾಗುತ್ತದೆ, ಬಿಡುಗಡೆಯಾದ ಸುಣ್ಣದಂಶ ಹೊಳೆಗಳ ಮೂಲಕ ಕಡಲು ಸೇರಿ ಚಿಪ್ಪುಗಳಾಗುತ್ತದೆ, ಚಿಪ್ಪುಗಳು ಸುಣ್ಣದಕಲ್ಲಾಗುತ್ತವೆ. ಗಾಳಿಯ ಇಂಗಾಲ ಕಲ್ಲಿನಲ್ಲಿ ಸೆರೆಯಾಗುವ ಈ ಕ್ರಮವೇ ಕೋಟ್ಯಂತರ ವರ್ಷಗಳ ಅಳತೆಯಲ್ಲಿ ಭೂಮಿಯ ಉಷ್ಣತೆಯನ್ನು ಹದದಲ್ಲಿಟ್ಟಿದೆ. ಆದರೆ ಅದು ತೀರಾ ನಿಧಾನ; ಹೊರವರ್ತುಲ ರಸ್ತೆಯ ವಾಹನಗಳು ಉಗುಳುವ ಇಂಗಾಲವನ್ನು ಸುತ್ತಲಿನ ಕಲ್ಲು ಅದೇ ವೇಗದಲ್ಲಿ ಸೆರೆಹಿಡಿಯಲಾರದು.

ದಿಣ್ಣೆ ಮತ್ತು ಕೆರೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಪಶ್ಚಿಮಕ್ಕೆ, ಪೀಣ್ಯದ ಕಡೆ, ಬಿದ್ದ ಮಳೆ ಹೆಚ್ಚಾಗಿ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ನೀರು ದಕ್ಷಿಣ ಪಿನಾಕಿನಿಗೆ ಸೇರಿ, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯ ದಾಟಿ, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ನೈರುತ್ಯ ಮುಂಗಾರು ಘಟ್ಟ ಹತ್ತಿ ಬರುವಷ್ಟರಲ್ಲಿ ಬಹುಪಾಲು ಖಾಲಿಯಾಗಿರುತ್ತದೆ. ಆದರೂ ಬೇಸಿಗೆಯ ಗುಡುಗುಮಳೆ, ಬಂಗಾಳ ಕೊಲ್ಲಿಯ ಹಿಂಗಾರು ಸೇರಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಸಿಗುತ್ತದೆ. ಹತ್ತಿರದಲ್ಲಿ ದೊಡ್ಡ ನದಿಯಿಲ್ಲ, ಗಟ್ಟಿ ಬಂಡೆಯೊಳಗೆ ನೀರು ಹಿಡಿಯುವ ಜಾಗವೂ ಕಡಿಮೆ. ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ ನಿಂತದ್ದಷ್ಟೇ ಅಂತರ್ಜಲ.

ಈ ಕೊರತೆಗೆ ಜನ ಕಂಡುಕೊಂಡ ಉತ್ತರ ಕೆರೆಗಳ ಸರಪಳಿ. ಇಂದು ವೈಟ್‌ಫೀಲ್ಡಿನ ಐಟಿ ಪಾರ್ಕ್ ಐಟಿಪಿಎಲ್ ನಿಂತಿರುವ ಪಟ್ಟಂದೂರು ಅಗ್ರಹಾರದಲ್ಲಿ ಕೆರೆ ಕಟ್ಟಿಸಿದ್ದನ್ನು ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನವೊಂದು ದಾಖಲಿಸುತ್ತದೆ. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ. ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಗದ್ದೆಗೆ. ನೀರು ಹಂಚಲು ನೀರುಗಂಟಿ. ಬೇಸಿಗೆಯಲ್ಲಿ ಎತ್ತಿದ ಹೂಳು ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು, ಅಂದರೆ ಮಳೆ ಕೊಚ್ಚಿ ತಂದ ಮಣ್ಣು ಗಾಡಿಯಲ್ಲಿ ಮರಳಿ ಮೇಲೆ ಏರುತ್ತಿತ್ತು. ಕೆರೆಯನ್ನು ಬರೀ ನೀರಿನ ಪಾತ್ರೆ ಎಂದು ತಿಳಿದ ಯೋಜನೆಗಳೆಲ್ಲ ಎಡವಿರುವುದು ಇಲ್ಲೇ. ಕಲ್ಲು, ನೀರು, ಗಾಳಿ, ಜೀವ ನಾಲ್ಕೂ ಲೆಕ್ಕ ಹೊಂದಿಸಿಕೊಳ್ಳುತ್ತಿದ್ದ ತಾಣ ಅದು.

ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡದ್ದು 1970ರ ದಶಕದಲ್ಲಿ. 1978ರಲ್ಲಿ ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದಲ್ಲಿ ಐಟಿ ಕೇಂದ್ರವಾಯಿತು. ಅಚ್ಚುಕಟ್ಟು ಬಡಾವಣೆಯಾದ ಮೇಲೆ ತೂಬಿಗೆ ಕೆಲಸವಿಲ್ಲ, ಹೂಳು ಕೇಳುವವರಿಲ್ಲ. ಕೆರೆಗೆ ಒಳಹರಿವು ಉಳಿಯಿತು, ಆದರೆ ಅದು ಮಳೆಯದಾಗಿರಲಿಲ್ಲ.

ಬೆಳ್ಳಂದೂರು, ವರ್ತೂರು

ಕೋರಮಂಗಲ–ಚಲ್ಲಘಟ್ಟ ಕಣಿವೆಯ ತುದಿಯಲ್ಲಿರುವ ಬೆಳ್ಳಂದೂರು ಕೆರೆ ಸುಮಾರು 360 ಹೆಕ್ಟೇರ್. ಅದರ ಕೋಡಿ ಹರಿಯುವುದು ವರ್ತೂರು ಕೆರೆಗೆ. ನಗರದ ಕೊಳಚೆಯ ದೊಡ್ಡ ಪಾಲು ದಶಕಗಳ ಕಾಲ, ಬಹುಮಟ್ಟಿಗೆ ಸಂಸ್ಕರಣೆಯಿಲ್ಲದೆ, ಈ ದಾರಿ ಹಿಡಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಸೇರಿದಂತೆ ಹಲವರು ಇವೆರಡು ಕೆರೆಗಳನ್ನು ವರ್ಷಗಟ್ಟಲೆ ಅಳೆದಿದ್ದಾರೆ.

ಕೊಳಚೆಯಲ್ಲಿ ಸಾರಜನಕ, ರಂಜಕಗಳು ಹೇರಳ. ರಂಜಕದ ಒಂದಂಶ ಬಟ್ಟೆ ಪುಡಿಯದು. ಇವನ್ನು ಉಂಡು ಅಂತರಗಂಗೆ ಹಬ್ಬುತ್ತದೆ. ಹಸಿರು ಹೊದಿಕೆ ಬಿದ್ದ ಮೇಲೆ ಬೆಳಕು ಒಳಗಿಳಿಯದು, ಗಾಳಿಯ ಆಮ್ಲಜನಕ ನೀರಿಗೆ ಬೆರೆಯದು. ಸತ್ತ ಗಿಡ ಕೊಳೆಯುವಾಗ ಇದ್ದದ್ದೂ ಮುಗಿಯುತ್ತದೆ. ಆಗ ತಳದಲ್ಲಿ ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳ ರಾಜ್ಯ. ಅವು ಮೀಥೇನನ್ನು ಬಿಡುತ್ತವೆ, ದುರ್ವಾಸನೆಯ ಗಂಧಕದ ಅನಿಲಗಳನ್ನೂ. ಮಾರ್ಜಕದ ನೊರೆಕಾರಕ ಅಣುಗಳನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಅದಿಲ್ಲದೆ ಆ ಅಣುಗಳು ಒಡೆಯದೆ ಹೂಳಿಗೆ ಅಂಟಿ ಕೂರುತ್ತವೆ. ದೊಡ್ಡ ಮಳೆ ಬಂದು ಹೂಳು ಕದಡಿದಾಗ ಅವು ಒಮ್ಮೆಗೇ ಮೇಲೇಳುತ್ತವೆ, ಕೋಡಿಯಲ್ಲಿ ಧುಮುಕುವ ನೀರಿಗೆ ಗಾಳಿ ಸೇರುತ್ತದೆ. 2015ರಿಂದ ದೇಶವಿದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡ, ವರ್ತೂರು ರಸ್ತೆಯ ವಾಹನಗಳ ಮೇಲೆ ಹಾರಿ ಬೀಳುತ್ತಿದ್ದ ನೊರೆ ಹುಟ್ಟಿದ್ದು ಹೀಗೆ.

ಬೆಳ್ಳಂದೂರು ಕೆರೆಗೆ ಬೆಂಕಿಯೂ ಬಿತ್ತು: 2015ರಲ್ಲಿ, 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿ 19ರಂದು. ಕೊನೆಯದನ್ನು ಆರಿಸಲು ಸೇನೆಯ ಯೋಧರು ಬರಬೇಕಾಯಿತು. ಉರಿದದ್ದು ಒಣ ಜೊಂಡು, ಕಳೆ ಮತ್ತು ಕಸ. ಮೀಥೇನಿನ ಪಾಲೆಷ್ಟು ಎಂಬುದರಲ್ಲಿ ಒಮ್ಮತವಿಲ್ಲ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ಪರಿಹಾರ ವಿಧಿಸಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ನೇತೃತ್ವದ ಉಸ್ತುವಾರಿ ಸಮಿತಿ ನೇಮಿಸಿತು. ಅದಾದ ಮೇಲೆ ಹೂಳೆತ್ತುವ ಕೆಲಸ ಶುರುವಾಯಿತು.

2022ರ ಸೆಪ್ಟೆಂಬರಿನಲ್ಲಿ ಇದೇ ಕಣಿವೆ ಇನ್ನೊಂದು ಪಾಠ ಒಪ್ಪಿಸಿತು. 4ರ ರಾತ್ರಿಯ ಮಳೆ ನಗರದಲ್ಲಿ 131.6 ಮಿ.ಮೀ. ದಾಖಲಾಯಿತು. ಕಾಂಕ್ರೀಟು ನೆಲಕ್ಕೆ ನೀರು ಇಂಗಲಿಲ್ಲ, ಒತ್ತುವರಿಯಾದ ರಾಜಕಾಲುವೆ ಸಾಲಲಿಲ್ಲ; ಯಮಲೂರು, ಬೆಳ್ಳಂದೂರು ಸುತ್ತ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು.

ಪೀಣ್ಯದ ಕ್ರೋಮಿಯಂ

ಬೆಳ್ಳಂದೂರಿನ ರೋಗ ಕಣ್ಣಿಗೆ ಹೊಡೆಯುವಂಥದ್ದು, ಪೀಣ್ಯದ್ದು ನೆಲದೊಳಗಿನದು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯದಿಂದ ಇಲ್ಲಿನ ಅಂತರ್ಜಲಕ್ಕೆ ಷಟ್‌ವೇಲೆನ್ಸಿ ಕ್ರೋಮಿಯಂ ಸೇರಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿ.ಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಸಾವಯವ ಅಂಶ, ಸೂಕ್ಷ್ಮಜೀವಿಗಳಿರುವ ಮಣ್ಣಿನಲ್ಲಿ ಈ ಕ್ರೋಮಿಯಂ ತ್ರಿವೇಲೆನ್ಸಿ ರೂಪಕ್ಕೆ ಇಳಿದು, ವಿಷ ತಗ್ಗಿ, ಕಣಗಳಿಗೆ ಅಂಟಿ ನಿಲ್ಲುತ್ತದೆ. ಬಂಡೆಯ ಬಿರುಕಿನಲ್ಲಿ ಅಂಥ ನೆರವು ಕಡಿಮೆ, ಹಾಗಾಗಿ ಅದು ಕರಗಿದಂತೆಯೇ ಸಾಗುತ್ತದೆ. ಬಿರುಕುಗಳ ಹಾದಿ ಮೇಲಿನಿಂದ ಕಾಣುವುದಿಲ್ಲ. ಒಂದು ಬೋರ್‌ವೆಲ್ ಕೆಟ್ಟು ಪಕ್ಕದ್ದು ಚೆನ್ನಾಗಿರಬಹುದು.

ದಿಣ್ಣೆ ದಾಟುವ ನೀರು

2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಬಹುಭಾಗ ಬೋರ್‌ವೆಲ್ ಮತ್ತು ಟ್ಯಾಂಕರ್‌ಗಳನ್ನೇ ನಂಬಿತ್ತು. 2024ರ ಬೇಸಿಗೆಯಲ್ಲಿ ಸಾವಿರಾರು ಬೋರ್‌ವೆಲ್‌ಗಳು ಬತ್ತಿದವು. ಅದೇ ವರ್ಷದ ಅಕ್ಟೋಬರ್ 16ರಂದು ಉದ್ಘಾಟನೆಯಾದ ಕಾವೇರಿ ಐದನೇ ಹಂತ ಈ ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಗುರಿ ಇಟ್ಟುಕೊಂಡಿದೆ. ಆ ನೀರು ಬರುವುದು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ವಿದ್ಯುತ್ ಬಲದಲ್ಲಿ ನೂರಾರು ಮೀಟರ್ ಎತ್ತರಕ್ಕೆ ಏರಿ.

ವೈಟ್‌ಫೀಲ್ಡಿನ ಅಡುಗೆಮನೆಯಲ್ಲಿ ಬಳಕೆಯಾದ ಕಾವೇರಿ ಮತ್ತೆ ಕಾವೇರಿಗೆ ಇಳಿಯುವುದಿಲ್ಲ. ಅದು ದಿಣ್ಣೆಯ ಪೂರ್ವಕ್ಕೆ ಕೊಳಚೆಯಾಗಿ ಹರಿಯುತ್ತದೆ. ಕೋಟ್ಯಂತರ ವರ್ಷಗಳಲ್ಲಿ ನೆಲ ಎಳೆದ ಗೆರೆಯನ್ನು ಪಂಪು ಮೀರಿದೆ. 2018ರಲ್ಲಿ ಆರಂಭವಾದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು: ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಕೋಲಾರದ ಬತ್ತಿದ ಕೆರೆಗಳಿಗೆ ಏರಿಸುವುದು ಅದರ ಗುರಿ. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರ ಕೆರೆ. ತುಂಬಿದ ಕೆರೆಗಳ ಸುತ್ತ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ. ಆದರೆ ಸಂಸ್ಕರಣೆ ಎರಡನೇ ಹಂತಕ್ಕೇ ನಿಲ್ಲುವುದರಿಂದ ಸಾರಜನಕ, ರಂಜಕಗಳ ಒಂದು ಪಾಲು ನೀರಿನಲ್ಲೇ ಉಳಿದು ಅಲ್ಲಿಗೂ ಪಯಣಿಸುತ್ತದೆ. ಕೋಲಾರದ ನೀರಾವರಿ ಹೋರಾಟಗಾರರು ಮೂರನೇ ಹಂತದ ಸಂಸ್ಕರಣೆಗೆ ಪಟ್ಟು ಹಿಡಿದಿರುವುದಕ್ಕೆ ಇದೂ ಒಂದು ಕಾರಣ.