ಗಿರಿಯವರ ಎರಡು ಚುನಾವಣೆಗಳು: ದ್ವಿಸದಸ್ಯ ಕ್ಷೇತ್ರ ಮತ್ತು ಪ್ರಾಶಸ್ತ್ಯ ಮತ

ವಿ.ವಿ. ಗಿರಿ 1957ರಲ್ಲಿ ಲೋಕಸಭೆಗೆ ನಿಂತು ಸೋತರು, 1969ರಲ್ಲಿ ರಾಷ್ಟ್ರಪತಿ ಹುದ್ದೆಗೆ ನಿಂತು ಗೆದ್ದರು. ಆ ಸೋಲು ಬಹುಮಟ್ಟಿಗೆ ಮರೆತುಹೋಗಿದೆ. ಗೆಲುವನ್ನು ಕಾಂಗ್ರೆಸ್ ಒಡೆದ ಕಥೆಯ ಅಧ್ಯಾಯವಾಗಿಯಷ್ಟೇ ಓದುತ್ತೇವೆ. ನಮ್ಮ ಚುನಾವಣಾ ಚರಿತ್ರೆ ಪಕ್ಷ ಮತ್ತು ನಾಯಕರ ಸುತ್ತಲೇ ಬೆಳೆದಿದೆ. ಮತ ಎಣಿಸುವ ನಿಯಮಕ್ಕೆ ಅದರಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಮೊದಲ ಮಹಾಚುನಾವಣೆಯಲ್ಲಿ 489 ಲೋಕಸಭಾ ಸ್ಥಾನಗಳಿಗೆ ಇದ್ದ ಕ್ಷೇತ್ರಗಳು 401. ಅವುಗಳಲ್ಲಿ 86 ದ್ವಿಸದಸ್ಯ ಕ್ಷೇತ್ರಗಳು. ಉತ್ತರ ಬಂಗಾಳ ಮಾತ್ರ ಮೂವರನ್ನು ಆರಿಸುತ್ತಿತ್ತು. ಮೀಸಲಾತಿಯ ಸ್ಥಾನವನ್ನೂ ಸಾಮಾನ್ಯ ಸ್ಥಾನವನ್ನೂ ಒಂದೇ ಕ್ಷೇತ್ರದೊಳಗೆ ಕೂಡಿಸುವ ಏರ್ಪಾಡು ಇದು. ಮತದಾರನಿಗೆ ಎರಡು ಮತ. ಎರಡನ್ನೂ ಒಬ್ಬನಿಗೇ ಹಾಕುವಂತಿಲ್ಲ. (1937ರ ಮುಂಬಯಿ ಪ್ರಾಂತದ ಬಹುಸದಸ್ಯ ಕ್ಷೇತ್ರಗಳಲ್ಲಿ ಹಾಗೆ ಹಾಕಲು ಅವಕಾಶವಿತ್ತು. ಚಿಕ್ಕ ಸಮುದಾಯವೊಂದು ತನ್ನ ಮತಗಳನ್ನು ಒಟ್ಟುಗೂಡಿಸಿ ಒಬ್ಬನನ್ನು ಗೆಲ್ಲಿಸಿಕೊಳ್ಳುವ ದಾರಿ ಅದು. ಸ್ವತಂತ್ರ ಭಾರತ ಅದನ್ನು ಮುಚ್ಚಿತು.) ಎಣಿಕೆಯಲ್ಲಿ ಮೊದಲು ಮೀಸಲು ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರಿಗೆ ಮೀಸಲು ಸ್ಥಾನ. ಆಮೇಲೆ ಉಳಿದವರೆಲ್ಲರ ಪೈಕಿ, ಯಾವ ಸಮುದಾಯದವರೇ ಆಗಿರಲಿ, ಮುಂದಿದ್ದವರಿಗೆ ಇನ್ನೊಂದು.

ಗಿರಿಯವರನ್ನು ಸೋಲಿಸಿದ್ದು ಈ ಕೊನೆಯ ಸಾಲು. 1957ರಲ್ಲೂ ದ್ವಿಸದಸ್ಯ ಕ್ಷೇತ್ರಗಳಿದ್ದವು; ಅಂಥ ಒಂದಾದ ಆಂಧ್ರದ ಪಾರ್ವತೀಪುರದಲ್ಲಿ ಎರಡೂ ಸ್ಥಾನಗಳು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೆ ಹೋದವು. ಕೇಂದ್ರದ ಮಾಜಿ ಕಾರ್ಮಿಕ ಸಚಿವ ಗಿರಿ 565 ಮತಗಳಿಂದ ಹಿಂದುಳಿದರು. ಮೀಸಲು ಸ್ಥಾನಕ್ಕೆಂದು ನಿಂತವರು ಸಾಮಾನ್ಯ ಸ್ಥಾನ ಪಡೆಯಲಾಗದು ಎಂಬ ಅವರ ವಾದವನ್ನು 1959ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾಮಾನ್ಯ ಸ್ಥಾನ ಎಲ್ಲರಿಗೂ ತೆರೆದದ್ದು, ಅದು ಮೇಲ್ಜಾತಿಗಳ ಸ್ವತ್ತಲ್ಲ ಎಂಬುದು ಇಲ್ಲಿ ಕಾನೂನಿನ ಮಾತಾಗಿ ನೆಲೆಗೊಂಡಿತು. ನನ್ನ ದೃಷ್ಟಿಯಲ್ಲಿ ಆ ತೀರ್ಪಿನ ಬೆಲೆ ಇರುವುದು ಇಲ್ಲಿಯೇ. 1961ರ ಕಾಯ್ದೆ ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದುಮಾಡಿತು. 1962ರಿಂದ ಕ್ಷೇತ್ರಕ್ಕೊಬ್ಬರೇ ಸದಸ್ಯರು.

ಮುಂದೆ ಮೈಸೂರಿನ ರಾಜ್ಯಪಾಲರೂ ಆಗಿದ್ದ ಗಿರಿ 1969ರಲ್ಲಿ ಎದುರಿಸಿದ ನಿಯಮವೇ ಬೇರೆ. ಶಾಸಕರು, ಸಂಸದರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿ ಇಂದಿಗೂ ಹೀಗೆಯೇ. ರಾಷ್ಟ್ರಪತಿ ಚುನಾವಣೆಯಲ್ಲಿ ಪ್ರತಿ ಮತಕ್ಕೂ ಒಂದು ನಿಗದಿತ ಮೌಲ್ಯವಿರುತ್ತದೆ; ಗೆಲ್ಲಲು ಸಿಂಧು ಮತಗಳ ಒಟ್ಟು ಮೌಲ್ಯದ ಅರ್ಧಕ್ಕಿಂತ ಹೆಚ್ಚು ಬೇಕು. ಪಾರ್ವತೀಪುರದಲ್ಲಿ ಮತದಾರನ ಎರಡನೆಯ ಮತಕ್ಕೆ ಮೊದಲನೆಯದರಷ್ಟೇ ತೂಕವಿತ್ತು. ಇಲ್ಲಿ ಎರಡನೆಯ ಪ್ರಾಶಸ್ತ್ಯಕ್ಕೆ ಜೀವ ಬರುವುದು ಮೊದಲ ಆಯ್ಕೆಯ ಅಭ್ಯರ್ಥಿ ಕಣದಿಂದ ಹೊರಬಿದ್ದಾಗ ಮಾತ್ರ.

ಬೆಂಗಳೂರಿನ ಅಧಿವೇಶನದ ವೇಳೆ ಕಾಂಗ್ರೆಸ್ ಆರಿಸಿದ್ದು ನೀಲಂ ಸಂಜೀವ ರೆಡ್ಡಿಯವರನ್ನು. ಇಂದಿರಾ ಗಾಂಧಿಯವರ ಒಲವು ಗಿರಿಯವರತ್ತ. ಪಕ್ಷದ ಅಧ್ಯಕ್ಷ ಎಸ್. ನಿಜಲಿಂಗಪ್ಪ ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರನ್ನು ಕಂಡು ಅವರ ಎರಡನೆಯ ಪ್ರಾಶಸ್ತ್ಯ ರೆಡ್ಡಿಯವರಿಗೆ ಬರಲೆಂದು ಕೋರಿದರು. ಕಾಂಗ್ರೆಸ್ಸನ್ನು ಸೀಳಿದ ಆಪಾದನೆಗಳಲ್ಲಿ ಈ ಭೇಟಿಯೂ ಒಂದು. ಹೆಚ್ಚು ಮತ ಪಡೆದವರೇ ಗೆಲ್ಲುವ ನಿಯಮವಿದ್ದಿದ್ದರೆ ಎದುರಾಳಿ ಪಕ್ಷಗಳಿಂದ ಎರಡನೆಯ ಪ್ರಾಶಸ್ತ್ಯ ಕೇಳುವ ಸಂದರ್ಭವೇ ಬರುತ್ತಿರಲಿಲ್ಲ.

ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸ್ವತಂತ್ರ ಪಕ್ಷ ಮತ್ತು ಜನಸಂಘ ಬೆಂಬಲಿಸಿದ್ದ ಸಿ.ಡಿ. ದೇಶಮುಖರಿಗೆ 1,12,769. ಬೇಕಿದ್ದದ್ದು 4,18,169. ಉಳಿದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಗಳನ್ನು ಹಂಚಿದಾಗ ಗಿರಿ 4,20,077ಕ್ಕೆ ಏರಿದರು, ರೆಡ್ಡಿ 4,05,427ಕ್ಕೆ. ಗಿರಿ ಎರಡನೆಯ ಪ್ರಾಶಸ್ತ್ಯದ ಬಲದಿಂದ ಗೆದ್ದರೆಂಬ ರೂಢಿಯ ಮಾತನ್ನು ಈ ಅಂಕಿಗಳ ಮುಂದಿಟ್ಟು ನೋಡಬೇಕು. ಹಂಚಿಕೆಯಲ್ಲಿ ಅವರಿಗೆ ಕೂಡಿಬಂದದ್ದು 18,562, ರೆಡ್ಡಿಯವರಿಗೆ 91,879. ನಿಜಲಿಂಗಪ್ಪನವರ ಲೆಕ್ಕ ಹುಸಿಯಾಗಿರಲಿಲ್ಲ: ಮೊದಲ ಸುತ್ತಿನಲ್ಲಿ 87,967 ಇದ್ದ ಗಿರಿಯವರ ಮುನ್ನಡೆ ಕೊನೆಗೆ 14,650ಕ್ಕೆ ಇಳಿದಿತ್ತು.