ಮಲ್ಟಿಪಲ್ ಸ್ಕ್ಲೆರೋಸಿಸ್: ಗರ್ಭಾವಸ್ಥೆಯಲ್ಲಿ ಔಷಧಸುರಕ್ಷತೆ

ಮಿದುಳು ಹಾಗೂ ಬೆನ್ನುಹುರಿಯ ನರತಂತುಗಳನ್ನು ಆವರಿಸಿರುವ ಮಯೆಲಿನ್ ಪೊರೆಯನ್ನು ದೇಹದ ರೋಗರಕ್ಷಣಾ ವ್ಯವಸ್ಥೆಯೇ ಕೆಡಿಸುವ ಈ ವ್ಯಾಧಿಯು ಪುರುಷರಿಗಿಂತ ಸ್ತ್ರೀಯರನ್ನೇ ಅಧಿಕವಾಗಿ, ಅದೂ ಬಹುಮಟ್ಟಿಗೆ ಸಂತಾನಯೋಗ್ಯ ವಯಸ್ಸಿನಲ್ಲಿಯೇ, ಬಾಧಿಸುವುದರಿಂದ ಗರ್ಭಧಾರಣೆಗೆ ಮುನ್ನವೇ ಔಷಧಗಳ ಪರಾಮರ್ಶೆ ಆವಶ್ಯಕವೆನಿಸಿದೆ. ಯೂರೋಪಿನ 12 ದೇಶಗಳ 254 ಸ್ತ್ರೀಯರನ್ನು ಕುರಿತು 1998ರಲ್ಲಿ ಪ್ರಕಟವಾದ ಅಧ್ಯಯನವು, ರೋಗದ ಮರುಕಳಿಕೆ ಗರ್ಭಕಾಲದ ಕೊನೆಯ ಮೂರು ತಿಂಗಳುಗಳಲ್ಲಿ ಗಣನೀಯವಾಗಿ ತಗ್ಗಿ, ಪ್ರಸವಾನಂತರದ ಮೊದಲ ಮೂರು ತಿಂಗಳುಗಳಲ್ಲಿ ಏರುವುದನ್ನು ತೋರಿಸಿಕೊಟ್ಟಿತು.

ಔಷಧಗಳೆಲ್ಲವೂ ಸಮಾನವಾಗಿ ಅಪಾಯಕರವಲ್ಲ. ಇಂಟರ್‌ಫೆರಾನ್ ಬೀಟಾ ಮತ್ತು ಗ್ಲಾಟಿರಮರ್ ಅಸಿಟೇಟ್‌ಗಳು ದೀರ್ಘಕಾಲದ ಬಳಕೆಯಿಂದ ಪರಿಚಿತವಾದವು. ಇವುಗಳಲ್ಲಿ ಮೊದಲನೆಯದನ್ನು ಅಗತ್ಯವಿದ್ದಲ್ಲಿ ಗರ್ಭಿಣಿಯರಿಗೂ ಕೊಡಬಹುದೆಂದು ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2019ರಲ್ಲಿ ಒಪ್ಪಿತು. ಭ್ರೂಣಕ್ಕೆ ಹಾನಿಕರವೆಂದು ವರ್ಜ್ಯವಾಗಿರುವ ಟೆರಿಫ್ಲುನೊಮೈಡ್, ಸೇವನೆಯನ್ನು ನಿಲ್ಲಿಸಿದ ಮೇಲೂ ಕೆಲವರ ಶರೀರದಲ್ಲಿ ಎರಡು ವರ್ಷಗಳವರೆಗೆ ಉಳಿಯಬಲ್ಲುದಾದ್ದರಿಂದ, ಕೊಲೆಸ್ಟೈರಮೀನ್ ಅಥವಾ ಔಷಧೀಯ ಇದ್ದಿಲನ್ನು 11 ದಿನಗಳ ಕಾಲ ಕೊಟ್ಟು ಅದನ್ನು ಹೊರದೂಡಿ, ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ವಿಹಿತ. ಗರ್ಭಧಾರಣೆಗೆ ಮುನ್ನ ಫಿಂಗೊಲಿಮಾಡನ್ನು ನಿಲ್ಲಿಸಿ 2 ತಿಂಗಳೂ, ಕ್ಲಾಡ್ರಿಬೀನಿನ ಕೊನೆಯ ಮಾತ್ರೆಯ ತರುವಾಯ 6 ತಿಂಗಳೂ ಕಳೆದಿರಬೇಕು.

ಆದರೆ ಫಿಂಗೊಲಿಮಾಡ್, ನಟಾಲಿಜುಮಾಬ್‌ಗಳನ್ನು ಹಠಾತ್ತನೆ ಬಿಟ್ಟರೆ ವ್ಯಾಧಿಯು ಉಗ್ರವಾಗಿ ಮರಳುವ ಸಂಭವವುಂಟು. ನಟಾಲಿಜುಮಾಬನ್ನು ಗರ್ಭದ ಉತ್ತರಾರ್ಧದಲ್ಲಿಯೂ ಮುಂದುವರಿಸಿದಲ್ಲಿ ಶಿಶುವಿನಲ್ಲಿ ರಕ್ತಹೀನತೆಯೂ ಕಿರುಬಿಲ್ಲೆಗಳ ಕೊರತೆಯೂ ತೋರಬಹುದಾದುದರಿಂದ ನವಜಾತನ ರಕ್ತವನ್ನು ಪರೀಕ್ಷಿಸಬೇಕಾಗುತ್ತದೆ. ಗರ್ಭಕಾಲದಲ್ಲಿ ತೀವ್ರ ಮರುಕಳಿಕೆಯುಂಟಾದರೆ ಮೀಥೈಲ್‌ಪ್ರೆಡ್ನಿಸೋಲೋನನ್ನು ಅಲ್ಪಾವಧಿಗೆ ಕೊಡುವುದುಂಟು. ಅನಿರೀಕ್ಷಿತವಾಗಿ ಗರ್ಭ ನಿಂತಾಗ ಸ್ವೇಚ್ಛೆಯಿಂದ ಔಷಧವನ್ನು ತ್ಯಜಿಸದೆ, ನರರೋಗತಜ್ಞರನ್ನೂ ಪ್ರಸೂತಿತಜ್ಞರನ್ನೂ ಕೂಡಲೇ ಕಾಣುವುದು ಯುಕ್ತ.